ಮೊದಲ ಮೀನು

ಮಂತ್ರಾಲಯದ ಕೆಳಗೆ ಹೊಳೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಅಪ್ಪನಿಗೆ ಒಂದು ರೂಢಿಯಿತ್ತು. ಹೊಸ ನೀರು ಬಂದ ಮೇಲೆ ಬಲೆಗೆ ಬಿದ್ದ ಮೊದಲ ಮೀನನ್ನು ಮತ್ತೆ ಹೊಳೆಗೇ ಬಿಡುತ್ತಿದ್ದರು. ಅಣ್ಣ ವಿಶಾಖಪಟ್ಟಣದಲ್ಲಿ ಟ್ಯೂನಾ ಹಿಡಿಯುವ ದೋಣಿಗೆ ಸೇರಿದಾಗಲೂ ಅದನ್ನೇ ಹೇಳಿ ಕಳಿಸಿದ್ದರು.

ಹೋದ ವರ್ಷ, ಮೀನು ಮೊಟ್ಟೆಯಿಡುವ ಕಾಲದಲ್ಲಿ ದೋಣಿಗಳು ಸಮುದ್ರಕ್ಕೆ ಇಳಿಯಬಾರದೆಂಬ ನಿಷೇಧ ಮುಗಿದ ದಿನ, ಅಣ್ಣ ಫೋನ್ ಮಾಡಿದ.

"ಅಪ್ಪಾ, ಈ ಸಲ ಟ್ಯೂನಾ ಭಾಳ ಚಲೋ ಬರತಾವಂತ. ನೀರು ತಿಳಿ ನೀಲಿ ಐತಿ, ಹಕ್ಕಿ ಆಗಲೇ ಸುತ್ತಾಕ ಹತ್ಯಾವು."

"ಮೊದಲನೇದು ಬಿಡಪಾ," ಅಂದರು ಅಪ್ಪ.

"ಬಿಟ್ಟೇ ಬಿಡ್ತೀನಿ. ಇಲ್ಲಿಯವರು ನಗತಾರ, ನಕ್ಕರ ನಗಲಿ."

ಅಣ್ಣ ಹೋದ ದೋಣಿ ಮರಳಲಿಲ್ಲ. ಉಳಿದ ದೋಣಿಗಳು ಟ್ಯೂನಾ ತುಂಬಿಕೊಂಡು ಬಂದದ್ದನ್ನು ತೆಲುಗು ಟಿವಿಯಲ್ಲಿ ತೋರಿಸಿದರು. ಅಣ್ಣ ಹೇಳಿದ್ದು ನಿಜವಾಗಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಈ ವರ್ಷವೂ ಟ್ಯೂನಾ ಚೆನ್ನಾಗಿ ಸಿಗುವ ಸೂಚನೆಯಿದೆಯಂತೆ. ಟಿವಿಯವನು ಅಷ್ಟು ಹೇಳುವುದರೊಳಗೆ ನಾನು ಎದ್ದು ಅದನ್ನು ಆರಿಸಿದೆ.

ಮೊನ್ನೆ ನಮ್ಮ ಹೊಳೆಗೆ ಹೊಸ ನೀರು ಬಂತು. ಸಂಜೆ ಅಪ್ಪ ಬಂದು, ಇನ್ನೂ ಒದ್ದಾಡುತ್ತಿದ್ದ ಒಂದೇ ಒಂದು ಮೀನನ್ನು ನನ್ನ ಮುಂದಿಟ್ಟರು. ಈ ಸಲದ ಮೊದಲನೆಯದು.

"ಸಾರು ಮಾಡವಾ," ಅಂದರು.