ಹಂಚಿಹೋದ ಒಂದು ಮೊಳ

ನಮ್ಮಣ್ಣನದು ಮೂವತ್ತು ವರ್ಷ ಎತ್ತರ ಅಳೆಯುವ ಕೆಲಸ. ಸರ್ವೆ ಕಚೇರಿಯವನು. ಮಾತಾಡಿದರೆ ಮುತ್ತು ಉದುರೀತು ಎನ್ನುವ ಹಾಗೆ ಬಾಯಿ ಬಿಗಿದುಕೊಂಡೇ ಇರುತ್ತಿದ್ದ. ಊರಿನ ಪ್ರತಿ ಹೊಸಿಲಿನ ಎತ್ತರವೂ ಬಾಯಿಪಾಠ. ತನ್ನ ಅಂಗಿಯ ಗುಂಡಿ ಮಾತ್ರ ಸದಾ ಒಂದು ಮೇಲೆ, ಒಂದು ಕೆಳಗೆ.

ಅವರ ಕಸುಬಿನಲ್ಲಿ ಒಂದು ರೂಢಿ ಇದೆ. ಗುಡ್ಡದ ಬಂಡೆಯಿಂದ ಅಳೆಯುತ್ತಾ ನಮ್ಮ ಬೀದಿಯ ಗುರುತುಕಲ್ಲಿಗೆ ಬಂದಾಗ, ಕಲ್ಲಿನ ಮೇಲೆ ಕೆತ್ತಿದ ಎತ್ತರಕ್ಕೂ ಅಳತೆಗೂ ಚೂರು ವ್ಯತ್ಯಾಸ ಬಂದರೆ ಅದನ್ನು ದಾರಿಯುದ್ದದ ಅಳತೆಗಳಿಗೆಲ್ಲ ಹಂಚಿ ಸರಿಮಾಡುವುದು. ನಮ್ಮ ಬೀದಿ ಪ್ರತಿ ವರ್ಷವೂ ಒಂದಿಷ್ಟು ತಗ್ಗಾಗಿಯೇ ಬರುತ್ತಿತ್ತು. ಅಣ್ಣ ತನ್ನ ಕಣ್ಣನ್ನು ಬೈದುಕೊಂಡು ಹಂಚಿಬಿಡುತ್ತಿದ್ದ.

ನಿವೃತ್ತಿಗೆ ತಿಂಗಳಿರುವಾಗ ಹಳೆಯ ಪುಸ್ತಕಗಳನ್ನು ತೆಗೆದು, ಹಂಚಿದ್ದನ್ನೆಲ್ಲ ಕೂಡಿದನಂತೆ. ಒಂದು ಮೊಳ ಬಂತು. ನೇರ ನಮ್ಮನೆಗೆ ಬಂದು, ಕೂರದೆ, ನೀರೂ ಕುಡಿಯದೆ, ಇಡೀ ಬೀದಿ ಇಳಿಯುತ್ತಿದೆ, ಇವತ್ತೇ ಮನೆ ಬಿಡಿ ಎಂದ. ಗೋಡೆಯಲ್ಲಿ ಒಂದು ಬಿರುಕಿಲ್ಲವಲ್ಲ ಎಂದೆ. ಗುರುತುಕಲ್ಲಿನ ಸಮೇತ ಎಲ್ಲ ಒಟ್ಟಿಗೇ ಇಳಿದರೆ ಬಿರುಕು ಎಲ್ಲಿಂದ ಬರಬೇಕು ಎಂದ. ಕೆಲಸ ಬಿಡುವ ಕಾಲಕ್ಕೆ ಇವನಿಗೆ ತಲೆ ಕೆಟ್ಟಿದೆ ಎಂದು ನಮ್ಮ ಯಜಮಾನರು ಮಗ್ಗುಲು ತಿರುಗಿ ಮಲಗಿದರು. ನನಗೂ ಮೈ ಉರಿಯಿತು. ಕಟ್ಟಿಕೊಂಡ ಮನೆಯನ್ನು ಅಂಕಿ ನೋಡಿ ಬಿಟ್ಟುಹೋಗಲಾದೀತೇ?

“ಮೂವತ್ತು ವರ್ಷ ನಾನೇ ಮುಚ್ಚಿಟ್ಟೆ ಕಣೇ,” ಎಂದ. “ನನ್ನ ಮಾತು ಬೇಡ, ಬಂದು ನೋಡು.”

ಗುಡ್ಡ ನಮ್ಮ ಬೀದಿಯ ತುದಿಯಲ್ಲೇ ಇದೆ. ಅವನ ಹುಚ್ಚು ಬಿಡಿಸೋಣವೆಂದು ಮೆಟ್ಟಿಲು ಹತ್ತಿದೆ. ಬಂಡೆಯ ಮೇಲೆ ನಿಲ್ಲಿಸಿದ್ದ ಅಳತೆಯ ದುರ್ಬೀನನ್ನು ಅಣ್ಣ ನಮ್ಮನೆಯತ್ತ ಬಾಗಿಸಿ ತಿರುಪು ಬಿಗಿದ. ಕಣ್ಣಿಟ್ಟರೆ ಬೀದಿಗೆ ಬೀದಿಯೇ ತಲೆಕೆಳಗಾಗಿ ನೇತಾಡುತ್ತಿತ್ತು. ಜನ ತಲೆ ಕೆಳಗೆ ಮಾಡಿಕೊಂಡು ನೆಮ್ಮದಿಯಾಗಿ ನಡೆಯುತ್ತಿದ್ದರು. ಹಳೆಯ ಯಂತ್ರ, ಎಲ್ಲವನ್ನೂ ಹೀಗೇ ತೋರಿಸುತ್ತದೆ ಎಂದ. ಗಾಜಿನ ನಡುವಿನ ಅಡ್ಡಗೆರೆ ನಮ್ಮ ಮಹಡಿಯ ಕಿಟಕಿಯ ಮೇಲಿತ್ತು. ನೋಡನೋಡುತ್ತಲೇ ಕಿಟಕಿ ಆ ಗೆರೆಯನ್ನು ಬಿಟ್ಟು ಮೇಲಕ್ಕೆ ಸರಿಯಿತು.

“ಅಣ್ಣ, ಮನೆ ಮೇಲಕ್ಕೆ ಹೋಗ್ತಾ ಇದೆ,” ಎಂದೆ. ನಗುತ್ತಲೇ ಅಂದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅಣ್ಣ ನಗಲಿಲ್ಲ. “ನೀನು ಇಲ್ಲಿಂದ ಕದಲಬೇಡ,” ಎಂದವನೇ ಮೆಟ್ಟಿಲಿಳಿದು ಓಡಿದ. ಆಗ ನನಗೆ ತಿಳಿಯಿತು, ಆ ಗಾಜಿನಲ್ಲಿ ಮೇಲಕ್ಕೆ ಎಂದರೆ ನಿಜದಲ್ಲಿ ಕೆಳಕ್ಕೆ. ಗಾಜಿನಿಂದ ಕಣ್ಣು ಕೀಳಲಾಗಲಿಲ್ಲ.

ತಲೆಕೆಳಗಾದ ಅಣ್ಣ ಮನೆಮನೆಯ ಬಾಗಿಲು ಬಡಿದ. ನಮ್ಮ ಯಜಮಾನರ ಕೊರಳಪಟ್ಟಿ ಹಿಡಿದು ಹೊರಗೆಳೆದು ಗುಡ್ಡದತ್ತ ತಳ್ಳಿದ. ಪಕ್ಕದ ಮನೆಯಲ್ಲಿ ನಡೆಯಲಾಗದ ಅಜ್ಜಿಯೊಬ್ಬರಿದ್ದರು. ಅವರನ್ನು ತರಲು ಒಳಗೆ ಹೋದ. ಆ ಮನೆಯ ಹೊಸಿಲು, ಬಾಗಿಲು, ಕಿಟಕಿ ಒಂದೊಂದಾಗಿ ಮೇಲಕ್ಕೆ ಹೋದವು. ಸದ್ದು ಆಮೇಲೆ ಬಂತು. ಗಾಜಿನಲ್ಲಿ ಧೂಳು ಉಳಿಯಿತು.

ಯಜಮಾನರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

“ಬರ್ತಾನೆ, ನನ್ನ ಹಿಂದೇನೇ ಇದ್ದ,” ಎಂದರು.

ನಾನು ನೋಡಿದ್ದೆ.