ಉತ್ತರಕ್ಕೆ ಕಾದು ಕೂತ ಚೌಡಮ್ಮ

1995, ನವೆಂಬರ್ 12, ಭಾನುವಾರ. ಬೆಳಿಗ್ಗೆ ಆರೂವರೆಗೆ ಪತ್ರಿಕೆಗೆ ಇದನ್ನು ಬರೆಯಲು ಕೂತಿದ್ದೇನೆ. ಏಳಕ್ಕೆ ಕರೆಂಟು ಬರುತ್ತದೆ. ಬಂದ ಕೂಡಲೇ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಳ್ಳಲು ಶುರುಮಾಡುತ್ತವೆ. ದೊಡ್ಡಬಳ್ಳಾಪುರದಲ್ಲೇ ಹುಟ್ಟಿ ಬೆಳೆದ ನಮಗೆ ಆ ಸದ್ದು ಕಿವಿಗೇ ಬೀಳುವುದಿಲ್ಲ, ಆದರೆ ಅದರ ನಡುವೆ ಮಾತಾಡಬೇಕಾದರೆ ಎಲ್ಲರೂ ಹೊರಗೆ ಬರುತ್ತೇವೆ. ಬರದೆ ಕೂತಲ್ಲಿಂದಲೇ ಮಾತಾಡುತ್ತಿದ್ದವಳು ನಮ್ಮ ವಠಾರದಲ್ಲಿ ಒಬ್ಬಳೇ, ಎದುರು ಮನೆಯ ಚೌಡಮ್ಮ. ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತಾ ಮುದುಕಿಯಾದವಳು. ಪಿಸುಮಾತು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗುಟ್ಟು ಹೇಳಿದರೆ ಬೀದಿಯ ತುದಿಯ ಹಾಲಿನ ಡೈರಿಗೆ ಕೇಳುತ್ತಿತ್ತು. ಬೈದರೆ ಬಸ್ ಸ್ಟ್ಯಾಂಡಿಗೆ.

ಅವಳು ಹೊರಗೆ ಒರಟು, ಒಳಗೆ ಮೃದು ಎಂದೆಲ್ಲ ನಾನು ಬರೆಯುವುದಿಲ್ಲ. ಒಳಗೂ ಒರಟೇ. ನಲ್ಲಿಯಲ್ಲಿ ನೀರು ಬರುವ ದಿನ ತನ್ನ ಬಿಂದಿಗೆಗಳನ್ನು ಸಾಲಿನ ಮುಂದೆ ತಂದಿಟ್ಟು, ಕೇಳಿದವರಿಗೆ, "ನಿನ್ ಬಿಂದಿಗೆ ನೋಡಿದ್ರೆ ನೀರೇ ಹೆದರ್ಕೊಂಡು ವಾಪಸ್ ಹೋಗುತ್ತೆ, ಹಿಂದ್ಗಡೆ ಇಡಮ್ಮಿ" ಎನ್ನುತ್ತಿದ್ದಳು. ನಾನು ಏಳನೇ ಕ್ಲಾಸಿನಿಂದ ಡೈರಿ ಬರೆಯುತ್ತೇನೆ. ಅದಕ್ಕೆ ಅವಳು ನನಗಿಟ್ಟ ಹೆಸರು ಶ್ಯಾನುಭೋಗಮ್ಮ. "ಬಂದ್ಲು ನೋಡು ಶ್ಯಾನುಭೋಗಮ್ಮ. ಬರ್ಕೋ, ಇವತ್ತು ಚೌಡಮ್ಮ ಎರಡ್ ಸಲ ಸೀನಿದ್ಲು ಅಂತ." ನನಗೆ ಅವಳು ಇಷ್ಟವಿರಲಿಲ್ಲ. ಅವಳಿಗೂ ನನ್ನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ.

ಆದರೆ ಅವಳ ನಿಜವಾದ ವೈರಿ ನಮ್ಮಜ್ಜಿ ತಿಮ್ಮಕ್ಕ. ನಮ್ಮ ಗೋಡೆಯಿಂದ ಅವಳ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ ಒಂದಿತ್ತು. 1988ರ ಬೇಸಿಗೆಯಲ್ಲಿ ಅಜ್ಜಿ ಅದನ್ನು ಕುಡುಗೋಲಿನಿಂದ ಕತ್ತರಿಸಿದಳು. ಚೌಡಮ್ಮ ಒದ್ದೆ ಕಂಬಳಿ ಹಾಕಿ ನಮ್ಮ ಗೋಡೆಯ ಮೊಳೆ ಕಿತ್ತಳೆಂಬುದು ಅಜ್ಜಿಯ ದೂರು. ಮೊಳೆ ಮೊದಲೇ ಸಡಿಲವಿತ್ತು, ಆ ಮನೆಯಲ್ಲಿ ಯಾವುದು ತಾನೇ ಬಿಗಿಯಾಗಿದೆ ಎಂಬುದು ಚೌಡಮ್ಮನ ಜವಾಬು. ಅವತ್ತಿಗೆ ಇಬ್ಬರ ನಡುವೆ ಮಾತು ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಎರಡು ಗುಂಪಾಗಿ ಎದುರುಬದುರು ಕೂತು ಸೋಬಾನೆ ಹಾಡುತ್ತಾರೆ. ದೇವರ ಪದ, ಹಸೆಯ ಪದ ಮುಗಿದ ಮೇಲೆ ಹಂಗಿಸುವ ಹಾಡು ಶುರುವಾಗುತ್ತದೆ. ಒಬ್ಬಳು ಇನ್ನೊಬ್ಬಳನ್ನು ಹಾಡಿನಲ್ಲೇ ಬೈಯುತ್ತಾಳೆ, ಬೈಸಿಕೊಂಡವಳು ಅದೇ ಧಾಟಿಯಲ್ಲಿ ಉತ್ತರ ಕಟ್ಟಬೇಕು. ಅವಳ ಪರವಾಗಿ ಬೇರೆ ಯಾರೂ ಬಾಯಿ ಹಾಕುವಂತಿಲ್ಲ. ಚಪ್ಪರದೊಳಗೆ ಏನು ಹಾಡಿದರೂ ಯಾರೂ ಮುನಿಯುವಂತಿಲ್ಲ. ತಾಂಬೂಲ ಹಂಚುವ ಹೊತ್ತಿಗೆ ಉತ್ತರ ಬರದಿದ್ದರೆ ಸೋಲು. ಗೆದ್ದವಳಿಗೆ ಮೊದಲ ತಾಂಬೂಲ.

ಹೀಗಾಗಿ ಅಜ್ಜಿಯೂ ಚೌಡಮ್ಮನೂ ವರ್ಷಪೂರ್ತಿ ಒಟ್ಟಿಟ್ಟುಕೊಂಡ ಸಿಟ್ಟನ್ನೆಲ್ಲ ಮದುವೆಗಳಿಗೆ ಒಯ್ಯುತ್ತಿದ್ದರು. ಇವರಿಬ್ಬರನ್ನು ಎದುರುಬದುರು ಕೂರಿಸುವುದಕ್ಕಾಗಿಯೇ ಬೇರೆ ಬೀದಿಯವರೂ ಕರೆಯುತ್ತಿದ್ದರು. ಚೌಡಮ್ಮ ಎಡಗೈಯನ್ನು ಕಿವಿಗೆ ಹಚ್ಚಿ ಎತ್ತಿಕೊಳ್ಳುತ್ತಿದ್ದಳು:

"ತಿಮ್ಮಕ್ಕ ತಿರುವಿದ ಮುದ್ದೆ ಎಂಥಾದ್ದು
ಗೋಡೆಗೆ ಎಸೆದರೆ ಗೋಡೆ ಬಿದ್ದಾವು ಸೋಬಾನೆ"

ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಆರಾಮಾಗಿ:

"ಚೌಡಮ್ಮ ಕಾಯಿಸಿದ ಸಾರು ಎಂಥಾದ್ದು
ಕೆರೆಯೇರಿ ಒಡೆದಂಗೆ ಎಲೆ ದಾಟಿ ಹರಿದಾವು ಸೋಬಾನೆ"

ಯಾರಿಗೆ ಎಷ್ಟು ಸಲ ಮೊದಲ ತಾಂಬೂಲ ಸಿಕ್ಕಿತೆಂದು ನಾನು ಲೆಕ್ಕ ಇಟ್ಟಿದ್ದೇನೆ. ಈ ವರ್ಷದ ಯುಗಾದಿಯವರೆಗೆ ಚೌಡಮ್ಮನಿಗೆ ಹನ್ನೊಂದು, ಅಜ್ಜಿಗೆ ಒಂಬತ್ತು. ಇದನ್ನು ಇಬ್ಬರೂ ಒಪ್ಪುವುದಿಲ್ಲ. "ಹನ್ನೆರಡು ಕಣಮ್ಮಿ, ಸ್ಕೂಲಲ್ಲಿ ಲೆಕ್ಕ ಹೇಳ್ಕೊಟ್ಟಿಲ್ವಾ?" ಎಂದು ಚೌಡಮ್ಮ ಒಮ್ಮೆ ಬೀದಿಯಲ್ಲೇ ನನ್ನನ್ನು ತಡೆದು ನಿಲ್ಲಿಸಿದ್ದಳು.

ಒಮ್ಮೆ ಆ ಹಾಡಿಗೆ ನಾನೂ ಸಿಕ್ಕಿಬಿದ್ದೆ. ಚಿಕ್ಕಪ್ಪನ ಮಗಳ ಮದುವೆ. ನಾನು ಆಗಷ್ಟೇ ಕನ್ನಡಕ ಹಾಕಿಸಿಕೊಂಡಿದ್ದೆ. ಅಜ್ಜಿಯನ್ನು ಉರಿಸಬೇಕೆಂದು ಚೌಡಮ್ಮ ನನ್ನನ್ನೇ ನೆಪ ಮಾಡಿಕೊಂಡಳು:

"ತಿಮ್ಮಕ್ಕನ ಮೊಮ್ಮಗಳ ಕಣ್ಣಿಗೆ ಗಾಜು ಬಂತು
ನೋಡೋಕೆ ಬಂದ ಗಂಡು ಗಾಜಲ್ಲಿ ಮೀಸೆ ತಿದ್ಯಾನು ಸೋಬಾನೆ"

ಇಡೀ ಚಪ್ಪರ ನಕ್ಕಿತು. ನಾನು ಅಡುಗೆಯವರ ಹಿಂದೆ ಹೋಗಿ ಅತ್ತೆ. ಅಜ್ಜಿ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ, ಕೂತಲ್ಲಿಂದಲೇ ಉತ್ತರ ಕೊಟ್ಟಳು. ಚೌಡಮ್ಮ ಬಾಯಿ ತೆರೆದರೆ ಮಗ್ಗಕ್ಕೆ ಕರೆಂಟು ಬೇಡ, ಅವಳ ಕೂಗಿಗೇ ಸೀರೆ ನೇಯ್ದಾವು ಎಂದು. ಈಗ ಮೊದಲಿಗಿಂತ ದೊಡ್ಡ ನಗು. ಅವತ್ತು ತಾಂಬೂಲ ಅಜ್ಜಿಗೆ. ಊಟದ ಪಂಕ್ತಿಯಲ್ಲಿ ಚೌಡಮ್ಮ ನನ್ನ ಊದಿದ ಮುಖ ನೋಡಿ, "ಏನಮ್ಮಿ, ಇನ್ನೂ ಅಳ್ತಿದೀಯ? ನಿಮ್ಮಜ್ಜಿ ಉತ್ತರ ಕೊಟ್ಳಲ್ಲ, ಮುಗೀತು. ಅತ್ರೆ ಗಾಜು ಮಂಜಾಗುತ್ತೆ, ಬರ್ಯೋಕಾಗಲ್ಲ" ಎಂದಳು. ಅದು ಕ್ಷಮೆ ಕೇಳಿದ್ದೆಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಆದರೆ ಉತ್ತರ ಕೊಟ್ಟರೆ ಮುಗಿಯಿತು ಎಂಬ ಮಾತನ್ನು ಮಾತ್ರ ಅವಳು ಮನಸ್ಸಿನಿಂದ ಹೇಳಿದ್ದಳು. ಅದು ನನಗೆ ಈ ಏಪ್ರಿಲ್‌ನಲ್ಲಿ ತಿಳಿಯಿತು.

ಯುಗಾದಿ ಕಳೆದ ಮುಂದಿನ ವಾರ, ಏಪ್ರಿಲ್ 9ರ ಭಾನುವಾರ, ನಮ್ಮ ಊರಿನ ಹುಡುಗರ ಸಂಘದವರು ಕಲ್ಯಾಣ ಮಂಟಪದಲ್ಲಿ ಜನಪದ ಹಾಡಿನ ಕಾರ್ಯಕ್ರಮ ಇಟ್ಟರು. ಕೊನೆಯಲ್ಲಿ ತಿಮ್ಮಕ್ಕ ಚೌಡಮ್ಮರ ಸೋಬಾನೆ. ಕೇಬಲ್ ನಡೆಸುವ ರಮೇಶ ಆಟೋಗೆ ಮೈಕು ಕಟ್ಟಿಕೊಂಡು ಮೂರು ದಿನ ಬೀದಿಬೀದಿ ಸುತ್ತಿದ. "ಬಂದು ನೋಡಿ, ಬರೋಕಾಗ್ದಿದ್ರೆ ಮನೇಲೇ ನೋಡಿ! ನಿಮ್ಮ ಟಿ.ವಿ.ಯಲ್ಲಿ ನೇರ ಪ್ರಸಾರ!" ಮಂಟಪದ ಎದುರಿಗೇ ಅವನ ರೂಮು. ಮದುವೆಗೆ ಬಾಡಿಗೆ ಕೊಡುವ ವಿಡಿಯೋ ಕ್ಯಾಮೆರಾದಿಂದ ಅಲ್ಲಿಗೊಂದು ತಂತಿ ಎಳೆದಿದ್ದ. ಚೌಡಮ್ಮ ಆಟೋ ನಿಲ್ಲಿಸಿ, "ಮನೇಲೇ ನೋಡಿ ಅಂತ ನೀನೇ ಹೇಳಿದ್ರೆ ಬರೋನು ಯಾಕೆ ಬರ್ತಾನೋ ಮಂಕೆ?" ಎಂದು ಬೈದಳು.

ಕಾರ್ಯಕ್ರಮದ ಬೆಳಿಗ್ಗೆ ಅಜ್ಜಿಗೆ ಚಳಿಜ್ವರ ಬಂತು. ಏಳಲಾಗಲಿಲ್ಲ. ಸುದ್ದಿ ಕೇಳಿ ಚೌಡಮ್ಮ ತಾನೂ ಬರುವುದಿಲ್ಲವೆಂದಳು. ರಮೇಶ ಓಡಿಬಂದ. ನಾನು ನಮ್ಮ ಬಾಗಿಲಲ್ಲೇ ಇದ್ದೆ.

"ಎದುರಿಗೆ ಅವಳಿಲ್ದೆ ನಾನು ಗೋಡೆಗೆ ಹಾಡ್ಲಾ?" ಎಂದಳು ಚೌಡಮ್ಮ.

"ಅವರ ಮನೇಗೂ ಕನೆಕ್ಷನ್ ಇದೆ ಅಜ್ಜಿ. ಈ ತಂತೀಲೇ ಹೋಗೋದು. ಅವರು ಮನೇಲಿದ್ರೂ ಕಾರ್ಯಕ್ರಮದಲ್ಲಿ ಇದ್ದಂಗೇ!"

ಚೌಡಮ್ಮ ಕತ್ತೆತ್ತಿ ಕಂಬದಿಂದ ನಮ್ಮ ಸೂರಿಗೆ ಇಳಿದಿದ್ದ ಕರಿ ತಂತಿಯನ್ನು ನೋಡಿದಳು. "ಇದ್ದಂಗೇನಾ?"

"ಇದ್ದಂಗೇ."

"ಹಂಗಾದ್ರೆ ಬರ್ತೀನಿ ನಡಿ" ಎಂದಳು.

ಸಂಜೆ ಆರಕ್ಕೆ ವಠಾರದವರೆಲ್ಲ ನಮ್ಮ ಮನೆಯ ಟಿ.ವಿ. ಮುಂದೆ ತುಂಬಿಕೊಂಡರು. ಅತ್ತ ಮಂಟಪದಲ್ಲಿ ಖಾಲಿ ಕುರ್ಚಿಗಳೇ ಕಾಣುತ್ತಿದ್ದವು. ಅಜ್ಜಿ ಕಂಬಳಿ ಹೊದ್ದು ಗೋಡೆಗೊರಗಿದ್ದಳು. ಚೌಡಮ್ಮ ಚಾಪೆಯ ಮೇಲೆ ಬಂದು ಕೂತಳು. ಹಿಂದೆ ಸೊಲ್ಲು ಹಿಡಿಯುವ ಇಬ್ಬರು ಹೆಂಗಸರು. ಎದುರಿನ ಚಾಪೆ ಖಾಲಿ. ಅವಳು ಕ್ಯಾಮೆರಾವನ್ನು ದುರುಗುಟ್ಟಿ ನೋಡಿ ಕಿವಿಗೆ ಕೈ ಹಚ್ಚಿದಳು:

"ಜ್ವರ ಬಂತು ಜ್ವರ ಬಂತು ತಿಮ್ಮಕ್ಕಂಗೆ ಜ್ವರ ಬಂತು
ನನ್ನ ದನಿ ನೆನೆದೇನೆ ನಡುಕ ಬಂತು ಸೋಬಾನೆ"

ನಮ್ಮ ಮನೆಯಲ್ಲಿ ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕಂಬಳಿ ಕಿತ್ತೆಸೆದು ಟಿ.ವಿ.ಯ ಎದುರಿಗೆ ಜರುಗಿ ಕೂತಳು. ಒಂದೇ ಉಸಿರಿಗೆ ಉತ್ತರ ಬಂತು. ನಾನು ಕೇಳಿದ ಅವಳ ಉತ್ತರಗಳಲ್ಲೆಲ್ಲ ಅಂಥದ್ದು ಇನ್ನೊಂದಿಲ್ಲ. ಪಕ್ಕದ ಮನೆಯ ಗಂಡಸರು ನಕ್ಕು ನಕ್ಕು ಹೊರಗೆ ಹೋಗಿ ಕೆಮ್ಮಿದರು.

ಟಿ.ವಿ.ಯಲ್ಲಿ ಚೌಡಮ್ಮ ಕಿವಿಗೆ ಕೈ ಹಚ್ಚಿಕೊಂಡು ಹಾಗೆಯೇ ಕೂತಿದ್ದಳು.

ಸೊಲ್ಲಿನ ಹೆಂಗಸರು ಮುಖ ಮುಖ ನೋಡಿಕೊಂಡರು. ಸದ್ದು ಹೋಯಿತೇನೋ ಎಂದು ಯಾರೋ ನಮ್ಮ ಟಿ.ವಿ.ಯ ತಲೆಗೆ ಬಡಿದರು. ತೆರೆಯ ಅಂಚಿನಿಂದ ರಮೇಶನ ಕೈ ಬಂದು ಮುಂದೆ ಹಾಡು ಎಂದು ಸನ್ನೆ ಮಾಡಿತು. ಚೌಡಮ್ಮ ಆ ಕೈಯನ್ನು ತಳ್ಳಿದಳು.

"ಏಯ್ ತಿಮ್ಮೀ, ಕಾಯ್ತಾ ಇದೀನಿ ಕಣೇ!"

ಏಳು ವರ್ಷದಲ್ಲಿ ಅವಳು ನಮ್ಮಜ್ಜಿಗೆ ಆಡಿದ ಮೊದಲ ಮಾತು ಅದು.

"ಹಾಡಿದ್ನಲ್ಲೇ ಕಿವುಡಿ, ಕೇಳಿಸ್ಲಿಲ್ವೇನೇ!" ಎಂದು ಅಜ್ಜಿ ಕಿರುಚಿ, ಇನ್ನೊಮ್ಮೆ ಹಾಡಿದಳು. ಈ ಸಲ ಜ್ವರಕ್ಕೆ ದನಿ ಒಡೆಯಿತು.

ಸಂಘದ ಅಧ್ಯಕ್ಷರು ತಾಂಬೂಲದ ತಟ್ಟೆ ಹಿಡಿದು ಬಂದರು. ಚೌಡಮ್ಮ, "ಉತ್ತರ ಬರ್ದೇ ತಾಂಬೂಲ ಮುಟ್ಟೋಳಲ್ಲ ನಾನು. ಆಚೆ ತಗೊಂಡೋಗಿ" ಎಂದಳು. ಆಮೇಲೆ ತಾನೇ ಎದ್ದು ಹೊರಟುಹೋದಳು. ಏನು ತೋರಿಸಬೇಕೋ ತಿಳಿಯದೆ ರಮೇಶ ಖಾಲಿ ಕುರ್ಚಿಗಳನ್ನೇ ತೋರಿಸುತ್ತಿದ್ದ.

ತಂತಿಯಲ್ಲಿ ಹೋದ ದನಿ ತಂತಿಯಲ್ಲೇ ವಾಪಸ್ ಬರುತ್ತದೆಂದು ಚೌಡಮ್ಮ ನಂಬಿದ್ದಳು. ನಮ್ಮಜ್ಜಿಯೂ ಅದನ್ನೇ ನಂಬಿದ್ದಳು. ಕೇಬಲ್ಲು ಒಂದೇ ಕಡೆಗೆ ಎಂದು ನಾನು ಹೇಳಿದರೆ, "ಫೋನಿಂದೂ ತಂತೀನೇ ಅಲ್ವಾ? ಅದ್ರಲ್ಲಿ ಎರಡು ಕಡೆಯೋರೂ ಮಾತಾಡಲ್ವಾ? ಅವಳು ಕೇಳಿಸ್ಕೊಂಡೂ ಕೇಳಿಸ್ದಂಗೆ ಎದ್ದೋದ್ಲು, ಸೋತೋಳು" ಎಂದಳು. ಎದುರು ಮನೆಯಲ್ಲಿ ಬೇರೆಯೇ ತೀರ್ಮಾನ. ಊರಿನವರ ಮುಂದೆ ಉತ್ತರ ಕೊಡದೆ ಕೂತರೆ, ನೀನು ನನಗೆ ಸಮಾನಳೇ ಅಲ್ಲ ಎಂದು ಹೇಳಿದಂತೆ. ಬೈಗುಳ ಎಷ್ಟಿದ್ದರೂ ಚೌಡಮ್ಮ ನುಂಗುತ್ತಿದ್ದಳು, ಇದನ್ನು ನುಂಗಲಿಲ್ಲ. ಆ ಬೇಸಿಗೆಯ ಒಂದು ಮದುವೆಗೂ ಅವಳು ಹೋಗಲಿಲ್ಲ. ಎದುರಾಳಿ ಇಲ್ಲದೆ ಅಜ್ಜಿ ದೇವರ ಪದವಷ್ಟೇ ಹಾಡಿ ಎದ್ದುಬರುತ್ತಿದ್ದಳು. ಮೊದಲ ತಾಂಬೂಲ ಅವಳಿಗೇ ಬರುತ್ತಿತ್ತು. "ಇವನ್ನೆಲ್ಲ ಬರ್ಕೋಬೇಡ. ಪುಕ್ಕಟೆ ಬಂದವು" ಎಂದು ನನಗೆ ಹೇಳಿದಳು. ನಾನು ಬರೆದುಕೊಂಡಿಲ್ಲ. ಲೆಕ್ಕ ಹನ್ನೊಂದು, ಒಂಬತ್ತರಲ್ಲೇ ನಿಂತಿದೆ.

ನಡೆದದ್ದನ್ನು ಚೌಡಮ್ಮನಿಗೆ ಹೇಳಲು ನಾನೇ ಹೋದೆ. "ನಿಮ್ಮಜ್ಜಿ ಕಳಿಸಿದ್ಲಾ? ಯಾಕೆ, ಅವಳ ಬಾಯಿ ಸವೆದೋಯ್ತಾ?" ಎಂದು ಬಾಗಿಲು ಹಾಕಿಕೊಂಡಳು. ರಮೇಶನನ್ನು ಕಳಿಸಿದೆ. ಅವನ ಮೇಲೆ ನೀರು ಬಿತ್ತು.

ಆಗಸ್ಟ್‌ನಲ್ಲಿ ಅವಳ ಮಗನಿಗೆ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ಒಂದು ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಪಾತ್ರೆ, ಮಂಚ, ಬಿಂದಿಗೆ ಎಲ್ಲ ಏರಿದ ಮೇಲೆ ಚೌಡಮ್ಮ ಮುಂದಿನ ಸೀಟಿನಲ್ಲಿ ಕೂತಳು. ನಾನು ಹತ್ತಿರ ಹೋದೆ.

"ಚೌಡಮ್ಮಜ್ಜಿ, ಅವತ್ತು ಅಜ್ಜಿ ಹಾಡಿದ್ಲು. ಎರಡು ಸಲ ಹಾಡಿದ್ಲು. ಬೇಕಾದ್ರೆ ವಠಾರದಲ್ಲಿ ಯಾರನ್ನಾದ್ರೂ ಕೇಳಿ."

ಅವಳು ನನ್ನ ಕನ್ನಡಕವನ್ನೇ ನೋಡಿದಳು. "ನಿಜವಾ?"

"ನಿಜ. ಏನು ಹಾಡಿದ್ಲು ಅಂತ ಹೇಳ್ತೀನಿ..."

"ಬಾಯ್ಮುಚ್ಚು!" ಟೆಂಪೋ ಡ್ರೈವರ್ ಬೆಚ್ಚಿದ. "ಹಾಡಿರೋದು ನಿಜ ಆದ್ರೆ ಅವಳ ಬಾಯಿಂದಾನೇ ಬರ್ಲಿ. ಶ್ಯಾನುಭೋಗಮ್ಮನ ಬಾಯಿಂದ ಬೇಡ." ಆಮೇಲೆ ನಮ್ಮ ಬಾಗಿಲ ಕಡೆ ತಿರುಗಿ, ಎಲ್ಲ ಮಗ್ಗಗಳ ಮೇಲೆ ಕೇಳುವಂತೆ, "ಬಾಕಿ ಐತೆ ಕಣೇ!" ಎಂದು ಕೂಗಿದಳು. ಒಳಗೆ ಅಜ್ಜಿ ಪಾತ್ರೆಯೊಂದನ್ನು ಕುಕ್ಕಿದ ಸದ್ದಾಯಿತು. ಹೊರಗೆ ಬರಲಿಲ್ಲ. ಟೆಂಪೋ ಹೊರಟಿತು. ಅವಳ ಗೋಡೆಯ ಮೊಳೆಯಲ್ಲಿ ಹಗ್ಗದ ಗಂಟು ಇನ್ನೂ ಇದೆ. ಈಗ ಆ ಮನೆಗೆ ಬಂದಿರುವ ದಂಪತಿ ತುಂಬ ಸಾಧುಗಳು. ಅವರು ಮಾತಾಡಿದ್ದೇ ಕೇಳಿಸುವುದಿಲ್ಲ. ಅಜ್ಜಿಗೆ ಅವರನ್ನು ಕಂಡರೆ ಆಗುವುದಿಲ್ಲ.

ಬರುವ ಡಿಸೆಂಬರ್ 3ರ ಭಾನುವಾರ ಸಂಜೆ, ಅದೇ ಕಲ್ಯಾಣ ಮಂಟಪದಲ್ಲಿ, ಸಂಘದವರು ಮತ್ತೆ ಜನಪದ ಹಾಡಿನ ಕಾರ್ಯಕ್ರಮ ಇಟ್ಟಿದ್ದಾರೆ. ರಮೇಶ ಈ ಸಲವೂ ನೇರ ಪ್ರಸಾರ ಮಾಡುತ್ತಾನೆ. ಬಾಕಿ ಐತೆ ಎಂಬ ಆ ಕೂಗು ಕೇಳಿದ ಮೇಲೆ, ಚೌಡಮ್ಮನಿಗೆ ಅವತ್ತು ತನ್ನ ಉತ್ತರ ಮುಟ್ಟಿಲ್ಲವೆಂದು ಅಜ್ಜಿಗೂ ಅನ್ನಿಸಿದೆ. ಪಿಲ್ಲಗುಂಪೆಗೆ ತಂತಿ ಎಳಿ ಎಂದು ರಮೇಶನಿಗೆ ಹೇಳಿದಳು. ತನ್ನ ತಂತಿ ರೈಲ್ವೆ ಗೇಟು ದಾಟುವುದಿಲ್ಲವೆಂದ. ಹಾಗಾದರೆ ವೇದಿಕೆಯ ಮೇಲೆ ಎರಡು ಚಾಪೆ ಹಾಸಬೇಕು, ಎದುರಿನ ಚಾಪೆಯಲ್ಲಿ ಬೇರೆ ಯಾರೂ ಕೂರಬಾರದು ಎಂದಿದ್ದಾಳೆ. ಸಂಘದವರು ಒಪ್ಪಿದ್ದಾರೆ.

ಅಜ್ಜಿಯ ಉತ್ತರವನ್ನು ಇಲ್ಲೇ ಬರೆದುಬಿಡುತ್ತೇನೆಂದೆ. "ಪೇಪರಲ್ಲಿ ಹಾಕ್ತೀಯಾ? ಅವಳು ಯಾರ ಕೈಲಾದ್ರೂ ಓದಿಸ್ಕೊಂಡು ಅದಕ್ಕೆ ಉತ್ತರ ಕಟ್ಕೊಂಡು ಬರ್ತಾಳೆ, ಮೋಸಗಾತಿ. ಬರೀಬೇಡ" ಎಂದಳು.

ಚೌಡಮ್ಮನ ವಿಳಾಸ ನಮ್ಮ ಬಳಿ ಇಲ್ಲ. ಪಿಲ್ಲಗುಂಪೆಯ ಕಡೆಯವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಬೀದಿಯಲ್ಲಿ ಯಂತ್ರದ ಸದ್ದಿನ ಮೇಲೆ ದನಿಯೊಂದು ಕೇಳುತ್ತಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಅವಳಿಗೂ ಡಿಸೆಂಬರ್ 3 ಎಂದು ಹೇಳಿ. ನಮ್ಮ ವಠಾರದವರಿಗೂ ಒಂದು ಕೋರಿಕೆ: ನಿಮಗೆ ಅವಳು ಎಲ್ಲಾದರೂ ಸಿಕ್ಕರೆ, ಉತ್ತರ ಇದೆ ಎಂದಷ್ಟೇ ಹೇಳಿ. ಏನೆಂದು ಹೇಳಬೇಡಿ.