ಮುಂಡರಗಿಯ ಉತ್ತರ

ನಮ್ಮ ಮನೆಯವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಗದಗ ಜಿಲ್ಲೆಯ ಒಂದು ಸಹಕಾರಿ ಸಂಘದ ಕಂಪ್ಯೂಟರುಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳಲ್ಲಿ ಒಂದೊಂದು ಸರ್ವರ್ ಇತ್ತು. ಸಣ್ಣ ಬದಲಾವಣೆಗೂ ಬಸ್ಸು ಹತ್ತಿ ಹೋಗಬೇಕು. ಉಬ್ಬಸ ಹೆಚ್ಚಾದಾಗ ಡಾಕ್ಟರು ಧೂಳಿನ ಓಡಾಟ ಬಿಡಿ ಎಂದರು. ಓಡಾಟ ಬಿಟ್ಟರೆ ಕೆಲಸವನ್ನೂ ಬಿಡಬೇಕಿತ್ತು.

ಆಗ ಅವರು, ಬೆಟಗೇರಿಯ ನಮ್ಮ ಮನೆಯಿಂದಲೇ ಮೂರೂ ಸರ್ವರ್‌ಗಳಿಗೆ ಕೆಲಸ ಹೇಳುವ ಒಂದು ತಂತ್ರಾಂಶವನ್ನು ಕಲಿತು ಹಾಕಿಕೊಂಡರು. ಅದು ನಡೆಯುತ್ತದೆಯೇ ಎಂದು ನೋಡುವುದಷ್ಟೇ ಬಾಕಿ. ಅಂದು ಖಂಡೇ ಪೂಜೆ, ಕೆಲಸದ ಸಾಮಾನುಗಳನ್ನೆಲ್ಲ ಪೂಜಿಸಿ ಮುಟ್ಟದೆ ಬಿಡುವ ದಿನ. ನಾನು ಅವರ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದ್ದೆ.

“ಇವತ್ತೊಂದ ದಿನ ಮುಟ್ಟಬ್ಯಾಡ್ರಿ,” ಎಂದೆ.

“ಕೆಲಸ ಹಚ್ಚೂದಿಲ್ಲ. ಬರೇ ಮಾತಾಡ್ಸಿ ನೋಡ್ತೇನಿ.”

ಮೊದಲು ತಂತ್ರಾಂಶದ ಆವೃತ್ತಿ ಕೇಳಿದರು, ಅದು ಹೇಳಿತು. ಆಮೇಲೆ ಮೂರೂ ಊರುಗಳನ್ನು ಒಟ್ಟಿಗೆ ಕರೆದರು. ಲಕ್ಷ್ಮೇಶ್ವರ ಹಸಿರು ಅಕ್ಷರದಲ್ಲಿ ಓಗೊಟ್ಟಿತು, ಶಿರಹಟ್ಟಿಯೂ. ಮುಂಡರಗಿ ಮಾತ್ರ ಕೆಂಪು, ಸಿಗುತ್ತಿಲ್ಲ ಎಂದು. ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದರು. ಮತ್ತೆ ಕೆಂಪು. ಹೋಳಿಗೆ ಆರಿತು. ಅವರ ಎದೆಯ ಸುಂಯ್ ಸದ್ದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

“ನಾಳೆ ಮುಂಡರಗಿ ಬಸ್ ಹಿಡೀಬೇಕು,” ಎಂದರು.

ನಾನೇ ಅಲ್ಲಿಯ ಗುಮಾಸ್ತನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವರ ಕೈಗೆ ಕೊಟ್ಟೆ.

“ಸರ್ವರ್ ಚಾಲೂ ಐತಿಲ್ಲೋ ತಮ್ಮಾ?”

“ಹೆಂಗ್ ಚಾಲೂ ಇರತೈತ್ರಿ ಸರ? ಖಂಡೇ ಪೂಜಿ ಅಲ್ರಿ ಇವತ್ತ. ವಾಯರ್ ಕಿತ್ತು, ಒರಸಿ, ಮಾಲಿ ಹಾಕೇವ್ರಿ. ವರ್ಷಕ್ಕೊಂದ ದಿನ ಅದಕ್ಕೂ ಸೂಟಿ ಬ್ಯಾಡೇನ್ರಿ?”

“ಮುಂಜಾನಿಂದ ಕರದ್ ಕರದ್ ನನಗ ಸಾಕಾತಲ್ಲೋ.”

“ನಿಮಗ ಯಾರ್ ಕರೀ ಅಂದಾರ್ರಿ? ಹೋಳಗಿ ಉಣ್ರಿ.”

ಅವರು ಕೆಮ್ಮು ಬರುವವರೆಗೆ ನಕ್ಕರು. ಮರುದಿನ ಗುಮಾಸ್ತ ವಾಯರ್ ಜೋಡಿಸಿದ ಮೇಲೆ ಮತ್ತೊಮ್ಮೆ ಕರೆದರು. ಮುಂಡರಗಿಯೂ ಹಸಿರಾಯಿತು. ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

ಉಬ್ಬಸ ವಾಸಿಯಾಗಲಿಲ್ಲ. ಆದರೆ ಕೆಲಸ ಉಳಿಯಿತು, ಮಧ್ಯಾಹ್ನ ಅವರು ಮನೆಯಲ್ಲಿರತೊಡಗಿದರು. ಮದುವೆಯಾದಾಗಿನಿಂದ ನಾನು ಬುತ್ತಿ ಕಟ್ಟಿ ಕಳಿಸಿದವಳು. ಬಿಸಿ ರೊಟ್ಟಿಯನ್ನು ಅವರು ಅಂಚಿನಿಂದ ಮುರಿದು, ನಡುವಿನ ಮೆತ್ತನೆಯ ಭಾಗವನ್ನು ಕೊನೆಗೆ ಉಳಿಸಿಕೊಂಡು ತಿನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ವರ್ಷಗಳಲ್ಲಿ.